ಷಡ್ಡಕನ ಬ್ಯಾಟರಿ

ನನ್ನ ಮೇಜಿನ ಮೇಲೆ ಒಂದು ಕರಿ ಪ್ಲಾಸ್ಟಿಕ್ ತುಂಡು ಇದೆ. ಅಂಗೈ ಅಗಲದ್ದು. ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಿರಲೆಂದು ಅವುಗಳ ಮೇಲೆ ಇಟ್ಟಿದ್ದೇನೆ. ಮನೆಗೆ ಬಂದವರು ಕೈಗೆತ್ತಿಕೊಂಡು ಇದೇನೆಂದು ಕೇಳುತ್ತಾರೆ. ಅಡಾಪ್ಟರ್ ಎನ್ನುತ್ತೇನೆ. ಮೊಬೈಲಿನದಾ ಎನ್ನುತ್ತಾರೆ. ಅಲ್ಲ ಎನ್ನುತ್ತೇನೆ. ಮಾತು ಅಲ್ಲಿಗೆ ನಿಂತರೆ ನನಗೆ ಸುಖ. ಮುಂದುವರಿದರೆ ನನ್ನ ಷಡ್ಡಕ ವೀರೇಶನ ಹೆಸರು ಎತ್ತಬೇಕಾಗುತ್ತದೆ, ಅವನ ಹೆಸರೆತ್ತಿದ ದಿನ ನನಗೆ ಊಟ ಸೇರುವುದಿಲ್ಲ. ಹೇಗೂ ಇವತ್ತು ನನ್ನ ಊಟ ಆಗಿದೆ. ನೀವೂ ಹಳಬರು. ಹೇಳಿಬಿಡುತ್ತೇನೆ.

ವೈರಿಲ್ಲದ ಡ್ರಿಲ್ ಮಷಿನ್ ನೀವು ನೋಡಿರುತ್ತೀರಿ. ಪಿಸ್ತೂಲಿನ ಆಕಾರ, ಹಿಡಿಕೆಯ ಕೆಳಗೆ ಬ್ಯಾಟರಿ. ಮಷಿನ್ ಗಟ್ಟಿ ಇರುತ್ತದೆ, ಬ್ಯಾಟರಿ ಮೊದಲು ಸಾಯುತ್ತದೆ. ಅಷ್ಟರಲ್ಲಿ ಕಂಪನಿ ಆ ಆಕಾರದ ಬ್ಯಾಟರಿ ಮಾಡುವುದನ್ನೇ ಬಿಟ್ಟಿರುತ್ತದೆ. ಆಗ ಬೇಕಾಗುವುದು ಈ ಅಡಾಪ್ಟರ್. ಇದರ ಮೇಲಿನ ಭಾಗ ಹಳೆಯ ಮಷಿನ್ನಿನ ಹಿಡಿಕೆಯೊಳಗೆ ಕೂಡುತ್ತದೆ. ಕೆಳಗಿನ ಭಾಗಕ್ಕೆ ಬೇರೊಂದು ಕಂಪನಿಯ ಹೊಸ ಬ್ಯಾಟರಿ ಜಾರಿ ಕೂಡುತ್ತದೆ. ಸತ್ತದ್ದು ಎದ್ದು ತಿರುಗುತ್ತದೆ. ಇಷ್ಟೇ. ಇಷ್ಟರಲ್ಲಿ ಹೊಟ್ಟೆಕಿಚ್ಚಿಗೆ ಎಲ್ಲಿ ಜಾಗ ಎಂದು ನೀವು ಕೇಳಬಹುದು. ಬೇಕಾದಷ್ಟಿದೆ.

ನನ್ನ ಹತ್ತಿರ ಅಂಥದೊಂದು ಮಷಿನ್ ಇತ್ತು. ಹಸಿರು ಬಣ್ಣದ್ದು. ಮದುವೆಯಾದ ವರ್ಷ ದೀಪಾವಳಿಗೆ ಮಾವ ಕೊಟ್ಟದ್ದು. ಮೊದಲ ದೀಪಾವಳಿಗೆ ಅಳಿಯನನ್ನು ಕರೆಸಿ, ಎಣ್ಣೆ ಹಚ್ಚಿ ಎರೆದು, ಬೆರಳಿಗೆ ಉಂಗುರ ಹಾಕುವುದು ನಮ್ಮ ಕಡೆಯ ಪದ್ಧತಿ. ಮಾವನದು ಮಸ್ಕಿಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ; ಮೊಳೆ, ಕೊಂಡಿ, ಚಿಲಕಗಳ ನಡುವೆಯೇ ಬಾಳಿದವರು. ಆ ಮಷಿನ್ ಅವರ ಅಂಗಡಿಗೆ ಮೊದಲು ಬಂದ ವೈರಿಲ್ಲದ ಡ್ರಿಲ್. ನನ್ನ ನೆನಪಿನಲ್ಲಿ, ಅವರು ಅದನ್ನು ಗಾಜಿನ ಕಪಾಟಿನಿಂದ ತೆಗೆದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, "ಇದನ್ನ ಮಾರಾಕ ಮನಸಾಗವಲ್ದು. ನೀವ ಇಟ್ಕೊಳ್ರಿ" ಎಂದರು.

ನನ್ನ ಹೆಂಡತಿ ಗಿರಿಜೆಯ ನೆನಪಿನಲ್ಲಿ ಹೀಗಿಲ್ಲ. ಅವಳ ಪ್ರಕಾರ ಉಂಗುರದ ಮಾತು ನಡೆಯುತ್ತಿರುವಾಗ ನಾನು ಅಂಗಡಿಗೆ ಹೋಗಿ ಆ ಮಷಿನ್ ಕೈಯಲ್ಲಿ ಹಿಡಿದವನು, ಕೆಳಗೆ ಇಡಲೇ ಇಲ್ಲ. "ಅಪ್ಪಗ ಬ್ಯಾರೆ ದಾರಿ ಇರಲಿಲ್ಲ" ಎನ್ನುತ್ತಾಳೆ. ನಾನು ಡೈರಿ ಬರೆಯುವವನು, ಬಿಚ್ಚಿ ನೋಡಿದೆ. ಆ ದಿನದ ಕೆಳಗೆ ಬರೆದದ್ದು ಇಷ್ಟು: "ಮಸ್ಕಿ. ಹೋಳಿಗೆ. ಹೊಟ್ಟೆ ಭಾರ." ಕಾಲೇಜಿನಲ್ಲಿ ಇತಿಹಾಸ ಕಲಿಸುವ ನನ್ನ ಡೈರಿಗೆ ಇತಿಹಾಸಕ್ಕಿಂತ ಹೊಟ್ಟೆಯ ಚಿಂತೆಯೇ ಹೆಚ್ಚು. ಅದೇ ಮಸ್ಕಿಯಲ್ಲಿ ಒಬ್ಬ ಅರಸ ತನ್ನ ಮಾತನ್ನು ಬಂಡೆಯ ಮೇಲೆ ಕೆತ್ತಿಸಿ ಹೋಗಿದ್ದಾನೆ. ನಾನು ಎರಡು ಸಾಲು ಹೆಚ್ಚು ಬರೆದಿದ್ದರೆ ಇವತ್ತು ಹೆಂಡತಿಯೆದುರು ಈ ಪಾಡು ಇರುತ್ತಿರಲಿಲ್ಲ.

ನಮ್ಮೂರು ಮುದಗಲ್ಲಿಗೆ ಹೋದಾಗ ನಮ್ಮವ್ವ ಅಳಿಯತನದ ಉಡುಗೊರೆ ನೋಡಲು ಕೈ ಚಾಚಿದಳು. ಡ್ರಿಲ್ ಇಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಬೆರಳಿಗೆ ಹೆಂಗ ಹಾಕ್ಕೋತಿಯೋ ಯಪ್ಪಾ" ಎಂದಳು. ನನಗೆ ಬೇಸರವಾಗಲಿಲ್ಲ. ಉಂಗುರ ಹಾಕಿಕೊಂಡ ಅಳಿಯಂದಿರು ಊರ ತುಂಬ ಇದ್ದರು. ಡ್ರಿಲ್ ಪಡೆದವನು ನಾನೊಬ್ಬನೇ.

ಅದರಿಂದ ಮಹಾ ಕೆಲಸವನ್ನೇನೂ ನಾನು ಮಾಡಲಿಲ್ಲ. ಲಿಂಗಸುಗೂರಿನ ಬಾಡಿಗೆ ಮನೆಗಳಲ್ಲಿ ಗೋಡೆಗೆ ತೂತು ಹಾಕಲು ಮಾಲೀಕರು ಬಿಡುವುದಿಲ್ಲ. ಒಂದೆರಡು ಕ್ಯಾಲೆಂಡರ್, ಒಂದು ಕನ್ನಡಿ, ಬಟ್ಟೆ ಒಣಗಿಸುವ ತಂತಿ. ಕೆಲವು ವರ್ಷಕ್ಕೆ ಬ್ಯಾಟರಿ ಸತ್ತಿತು. ಬ್ಯಾಟರಿ ಹುಡುಕಿದೆ, ಆ ಆಕಾರದ್ದು ಎಲ್ಲೂ ಸಿಗಲಿಲ್ಲ. ಮಷಿನ್ನನ್ನು ಹಳೆ ಲುಂಗಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ದಸರೆಗೆ ಮಾತ್ರ ಇಳಿಸಿ ವಿಭೂತಿ ಹಚ್ಚಿ, ಹೂ ಏರಿಸಿ, ಮತ್ತೆ ಮೇಲೆ.

ಸತ್ತ ಬ್ಯಾಟರಿಯೊಂದಿಗೆ ನನ್ನ ಪರಿಚಯ ಹಳೆಯದು. ಮುದಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯ ಇಕ್ಬಾಲನ ಅಪ್ಪನ ಹತ್ತಿರ ಮೂರು ಸೆಲ್ಲಿನ ಟಾರ್ಚ್ ಇತ್ತು. ಸಂಜೆಯಾದರೆ ಇಕ್ಬಾಲ ಅದನ್ನು ತಂದು ಕೋಟೆಯ ಗೋಡೆಗೆ ಬೆಳಕು ಬಿಡುತ್ತಿದ್ದ. ಅಷ್ಟು ದೊಡ್ಡ ಕೋಟೆಯ ಮೇಲೆ ತಟ್ಟೆಯಷ್ಟು ಬೆಳಕು ಅವನು ಹೇಳಿದಲ್ಲಿ ಓಡಾಡುತ್ತಿತ್ತು. ಒಳಗಿನಿಂದ ಅವರಮ್ಮ, "ಸೆಲ್ ಖಾಲಿ ನಕ್ಕೋ ಕರ್ ರೇ" ಎಂದು, ಸೆಲ್ ಮುಗಿಸಬೇಡವೆಂದು, ಕೂಗುತ್ತಿದ್ದರು. ಖಾಲಿಯಾಗಲಿ ದೇವರೇ ಎಂದು ನಾನು ಹೊರಗೆ ನಿಂತು ಬೇಡಿಕೊಳ್ಳುತ್ತಿದ್ದೆ. ನಮ್ಮ ಮನೆಯಲ್ಲಿದ್ದದ್ದು ಎರಡು ಸೆಲ್ಲಿನ ಬಡ ಟಾರ್ಚ್. ಅದರ ಸೆಲ್ಲುಗಳನ್ನು ಮಾಳಿಗೆಯ ಬಿಸಿಲಿಗೆ ಕಾಯಿಸಿ, ಅವೂ ಸತ್ತಾಗ ರೇಡಿಯೋದ ಸಣ್ಣ ಸೆಲ್ ಹಾಕಿ, ಸಂದಿಗೆ ಸಿಗರೇಟು ಪಾಕೀಟಿನ ಬೆಳ್ಳಿ ಕಾಗದ ಮಡಿಚಿ ತುರುಕುತ್ತಿದ್ದೆ. ಹಾಗೆ ನೋಡಿದರೆ ಮೊದಲ ಅಡಾಪ್ಟರ್ ಮಾಡಿದವನು ನಾನೇ. ಆ ಟಾರ್ಚ್ ಒಮ್ಮೆ ಹೊತ್ತಿತ್ತೆಂದು ನನ್ನ ನೆನಪು. ಹೊತ್ತಿರಲಿಕ್ಕಿಲ್ಲ. ಇಕ್ಬಾಲನ ಟಾರ್ಚಿನ ಬೆಳಕನ್ನೇ ನಾನು ನಮ್ಮದರೊಳಗೆ ನೆನಪು ಮಾಡಿಕೊಂಡಿರಬಹುದು. ಹೊಟ್ಟೆಕಿಚ್ಚಿನವರ ನೆನಪಿಗೆ ಈ ಗುಣ ಇರುತ್ತದೆ.

ಇನ್ನು ವೀರೇಶ. ಗಿರಿಜೆಯ ತಂಗಿ ಅನ್ನಪೂರ್ಣಳ ಗಂಡ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ. ಬಳಗಾನೂರು ಕಡೆಯ ಭತ್ತದ ರೈತರೆಲ್ಲ ಅವನ ಗಿರಾಕಿಗಳು; ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರ ಜೊತೆ ತೆಲುಗು, ಪೇಟೆಯವರ ಜೊತೆ ಉರ್ದು, ನನ್ನ ಜೊತೆ ಒಂದು ವಿಶೇಷ ಗೌರವದ ಕನ್ನಡ. ದೇಹ ದೊಡ್ಡದು, ಧ್ವನಿ ಅದಕ್ಕಿಂತ ದೊಡ್ಡದು. ತಾನು ಮಾಡಿದ ಕೆಲಸವನ್ನು ತಾನೇ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಭಾರಿ ಆಗೈತಿ ಬಿಡ್ರಿ" ಎಂದು ತಾನೇ ಹೇಳುವ ಮನುಷ್ಯ.

ಹೊಲದ ಬದುವಿನ ಹುಲ್ಲು ಕೊಯ್ಯಲೆಂದು ಅವನೊಂದು ಹೊಸ ಮಷಿನ್ ತಂದಿದ್ದ. ಅದರ ಹಳದಿ ಬ್ಯಾಟರಿ ಅವನ ತಲೆ ತಿರುಗಿಸಿತು. ಹಳೆ ಬಜಾರದಿಂದ ಬ್ಯಾಟರಿ ಸತ್ತ ಒಂದು ನೀಲಿ ಡ್ರಿಲ್ ತಂದ, ಅಡಾಪ್ಟರ್ ತರಿಸಿ ಹಳದಿ ಬ್ಯಾಟರಿ ಕೂಡಿಸಿದ. ತಿರುಗಿತು. ಆಮೇಲೆ ಒಂದು ಸಣ್ಣ ಗರಗಸ, ಅಂಗಡಿಯ ಧೂಳು ಊದುವ ಒಂದು ಊದುಗ, ಒಂದೊಂದಕ್ಕೂ ಒಂದೊಂದು ಅಡಾಪ್ಟರ್. ಒಂದೇ ಬ್ಯಾಟರಿಯಲ್ಲಿ ನಾಲ್ಕು ಸಂಸಾರ ನಡೆಸತೊಡಗಿದ. ನಡೆಸಲಿ, ನನಗೇನು. ಆದರೆ ಅವನು ಅವನ್ನೆಲ್ಲ ಬೈಕಿನ ಚೀಲದಲ್ಲಿ ಹಾಕಿಕೊಂಡು ಮಸ್ಕಿಗೆ ಬರತೊಡಗಿದ.

ಮಾವನ ಮನೆಯಲ್ಲಿ ಗಡಿಯಾರ ನೇತುಬಿದ್ದಿತು. ಬಚ್ಚಲಲ್ಲಿ ಹಲಗೆ ಕೂತಿತು. ಅತ್ತೆಯ ದೇವರ ಜಗುಲಿಯ ಮೇಲೆ ಗಂಟೆ ತೂಗಿತು. ನಾನು ಲಿಂಗಸುಗೂರಿನಿಂದ ಫೋನ್ ಮಾಡಿ ಆರೋಗ್ಯ ಕೇಳಿದರೆ ಮಾವ ಆರೋಗ್ಯದ ವಿಷಯ ಬಿಟ್ಟು ವೀರೇಶ ಏನು ಹಾಕಿದ ಎಂಬುದನ್ನು ಹೇಳುತ್ತಿದ್ದರು. ಅದಕ್ಕಿಂತ ಚುಚ್ಚುತ್ತಿದ್ದದ್ದು ಇನ್ನೊಂದು. ನನ್ನೊಂದಿಗೆ ಮಾವ ಯಾವಾಗಲೂ "ಬರ್ರಿ, ಕುಂದರ್ರಿ, ಉಣ್ರಿ." ವೀರೇಶನಿಗೆ "ಲೇ ವೀರೇಶ, ಬಾ ಇಲ್ಲಿ." ಮೊದಮೊದಲು ಇದನ್ನು ನನ್ನ ಓದಿಗೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದೆ. ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು: ಮರ್ಯಾದೆ ಕೊಟ್ಟವರನ್ನು ಕುರ್ಚಿಯಲ್ಲಿ ಕೂರಿಸುತ್ತಾರೆ, "ಲೇ" ಎಂದವನನ್ನು ಅಡುಗೆಮನೆಯ ತನಕ ಬಿಡುತ್ತಾರೆ.

ನನ್ನ ಅಟ್ಟದಲ್ಲಿ ಮಾವ ಕೊಟ್ಟ ಮಷಿನ್ನೇ ಇರುವಾಗ ಬಜಾರದ ನೀಲಿ ಡ್ರಿಲ್ ಹಿಡಿದು ಇವನು ಮೆರೆಯುವುದೆಂದರೇನು? ಒಮ್ಮೆ ಅವನು ಕೈ ತೊಳೆಯಲು ಹೋದಾಗ ಅವನ ಡ್ರಿಲ್ಲನ್ನು ಎಲ್ಲ ಬದಿಯಿಂದ ಫೋಟೊ ತೆಗೆದುಕೊಂಡೆ. ಮನೆಗೆ ಬಂದು ನನ್ನ ಹಸಿರು ಮಷಿನ್ನಿಗೆ ಕೂಡುವ, ಕೆಳಗೆ ಅದೇ ಹಳದಿ ಬ್ಯಾಟರಿ ಕೂಡುವ ಅಡಾಪ್ಟರನ್ನು ಹುಡುಕಿ ತರಿಸಿದೆ. ಡಬ್ಬಿ ಬಂದ ದಿನ ಗಿರಿಜೆಯನ್ನು ಕರೆದು, ಸುತ್ತಿದ್ದ ಲುಂಗಿ ಬಿಚ್ಚಿ ಮಷಿನ್ ತೆಗೆದು, ಅಡಾಪ್ಟರ್ ತಳ್ಳಿದೆ. ಟಕ್ ಎಂದು ಕೂತಿತು. ಪಿಸ್ತೂಲಿಗೆ ಒತ್ತುವಂತೆ ಹಿಡಿಕೆಯ ಕುದುರೆ ಒತ್ತಿದೆ. ಏನೂ ಆಗಲಿಲ್ಲ.

"ಇದರಾಗ ಬ್ಯಾಟರಿ ಎಲ್ಲೈತ್ರೀ?" ಎಂದಳು.

ತರಿಸುವಾಗ ನೋಡಿದ ಚಿತ್ರದಲ್ಲಿ ಬ್ಯಾಟರಿ ಇತ್ತು. ಅಡಾಪ್ಟರಿನ ಜೊತೆ ಅದೂ ಬರುತ್ತದೆಂದು ನಾನು ತಿಳಿದಿದ್ದೆ. ಆ ಬ್ಯಾಟರಿಯೊಂದನ್ನೇ ಕೊಳ್ಳಲು ಹೋದರೆ ಹೊಸ ಮಷಿನ್ ತರುವುದೇ ವಾಸಿ. ಹೊಸ ಮಷಿನ್ ತಂದರೆ ಅದರಲ್ಲಿ ಮಾವ ಇರುವುದಿಲ್ಲ. ಅಲ್ಲಿಗೆ ನನ್ನ ಸ್ಥಿತಿ ಹೀಗಾಯಿತು: ಮಾವ ಕೊಟ್ಟ ನನ್ನ ಮಷಿನ್ ಇಡೀ ರಾಯಚೂರು ಜಿಲ್ಲೆಯಲ್ಲಿ, ನಾನು ಬಲ್ಲಂತೆ, ವೀರೇಶನ ಬ್ಯಾಟರಿಯಿಂದ ಮಾತ್ರ ತಿರುಗಬಲ್ಲದು. ಇದಕ್ಕೆ ನಾನೇ ಹುಡುಕಿ, ಆರಿಸಿ, ಹಣ ಕೊಟ್ಟಿದ್ದೆ. ಗಿರಿಜೆ ಅಡುಗೆಮನೆಗೆ ಹೋಗಿ, ಅಲ್ಲಿ ತಂಗಿಗೆ ಫೋನ್ ಹಚ್ಚಿದಳು. ನಗು ಕೇಳಿಸಿತು.

ಇಷ್ಟರಲ್ಲಿ ನಾಗರ ಪಂಚಮಿ ಬಂತು. ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಆಡುವವರು ಅವರು. ಅಳಿಯಂದಿರದು ಬಿಟ್ಟುಬರುವ, ಕರೆದುಕೊಂಡು ಬರುವ ಕೆಲಸ. ಮಾವನ ಮನೆಯ ಜೋಕಾಲಿ ಹಿತ್ತಲ ಬೇವಿನ ಮರಕ್ಕೆ ಬೀಳುತ್ತಿತ್ತು. ಈ ವರ್ಷ ಕರೆಂಟಿನ ತಂತಿಗೆ ತಾಗುತ್ತದೆಂದು ಆ ಟೊಂಗೆ ಕಡಿದಿದ್ದರು. ಮಾವ ಅಂಗಳದಲ್ಲಿ ಎರಡು ಕಂಬ ನಿಲ್ಲಿಸಿ, ಹಳೆ ಮನೆಯ ತೇಗಿನ ತೊಲೆ ಏರಿಸಿದ್ದರು. ಫೋನಿನಲ್ಲಿ ಅವರು ಹೇಳಿದ್ದು, "ತೊಲಿಗೆ ತೂತು ಹಾಕಿ ಕೊಂಡಿ ಕೂಡ್ರಸಬೇಕು. ವೀರೇಶಗ ಹೇಳೀನಿ. ನೀವೂ ಬರ್ರಿ."

"ನೀವೂ". ಆ ದೀರ್ಘವನ್ನು ಕೇಳಿದಿರಲ್ಲ?

ನಾನು ಮಷಿನ್ ಚೀಲಕ್ಕೆ ಹಾಕಿದೆ. ಆ ಕೊಂಡಿ ಮಾವನ ಕಣ್ಣೆದುರು, ಮಾವ ಕೊಟ್ಟ ಮಷಿನ್ನಿನಿಂದ, ನನ್ನ ಕೈಯಿಂದ ಕೂಡಬೇಕು. ಈ ವರ್ಷ ನನಗೆ ಬೇಕಾದದ್ದು ಅದೊಂದೇ. ನಲವತ್ತು ದಾಟಿದವನು, ಪದವಿ ತರಗತಿಗಳಿಗೆ ಸಾಮ್ರಾಜ್ಯಗಳ ಏಳುಬೀಳು ಕಲಿಸುವವನು, ಒಂದು ತೂತಿಗಾಗಿ ಹೀಗೆ ಹಂಬಲಿಸುವುದು ಸರಿಯೇ ಎಂದು ಬಸ್ಸಿನಲ್ಲಿ ಕೂತು ಕೇಳಿಕೊಂಡೆ. ಅಷ್ಟರಲ್ಲಿ ಮಸ್ಕಿ ಬಂತು.

ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಷಿನ್ ತೆಗೆದೆ. "ಇದು ಇನ್ನೂ ಐತೇನು?" ಎಂದು ಕೈಗೆ ತೆಗೆದುಕೊಂಡು, ಹೆಗಲ ಟವೆಲ್ಲಿನಿಂದ ಒರೆಸಿದರು. ನೆನಪು ಸುಳ್ಳಲ್ಲ, ಟವೆಲ್ ಆದರೂ ಸುಳ್ಳಲ್ಲ ಎಂದು ಗಿರಿಜೆಯ ಕಡೆ ನೋಡಿದೆ. ಅವಳು ನೋಡುತ್ತಿರಲಿಲ್ಲ. "ತಿರಗಸ್ರಿ ನೋಡೂಣು" ಎಂದರು ಮಾವ. ಅಡಾಪ್ಟರ್ ಕೂಡಿಸಿದೆ. ಅದರ ಕೆಳಗೆ ಬ್ಯಾಟರಿಯ ಜಾಗ ಖಾಲಿ ಇತ್ತು.

ವೀರೇಶ ನೀಲಿ ಡ್ರಿಲ್ ಹಿಡಿದು ಏಣಿಯ ಹತ್ತಿರ ಇದ್ದ. ಕೇಳಲೇಬೇಕಾಯಿತು. ಕೇಳುವ ಮೊದಲೇ ಅವನು ತನ್ನ ಡ್ರಿಲ್ಲಿನಿಂದ ಹಳದಿ ಬ್ಯಾಟರಿ ಕಿತ್ತು ಚಾಚಿದ. "ತಗೋರಿ ಅಣ್ಣಾರ. ಮೊದಲನೇದು ನಿಮ್ದು." ಅವನು ಒಂದು ಸಲ ಇಲ್ಲವೆಂದಿದ್ದರೆ ಎಷ್ಟು ಸುಖವಾಗಿ ಅವನನ್ನು ದ್ವೇಷಿಸಬಹುದಿತ್ತು. ಕೈಯೆತ್ತಿ ಕೊಟ್ಟುಬಿಟ್ಟ.

ಏಣಿ ಹತ್ತಿದೆ. ಕುದುರೆ ಒತ್ತಿದರೆ ಹಸಿರು ಮಷಿನ್ ಗುರ್ರೆಂದಿತು. ಎಷ್ಟೋ ವರ್ಷಗಳ ಮೇಲೆ ಕೇಳಿದ ದನಿ. ತೇಗಿನ ಪುಡಿ ನನ್ನ ಕನ್ನಡಕದ ಮೇಲೆ, ಮಾವನ ಟೊಪ್ಪಿಗೆಯ ಮೇಲೆ ಉದುರಿತು. ಅರ್ಧ ತೊಲೆಗೆ ವೇಗ ಇಳಿಯಿತು. ನಾನು ಒತ್ತುತ್ತಲೇ ಇದ್ದೆ. ಕೆಳಗಿನಿಂದ ವೀರೇಶ, "ಬಿಡ್ರಿ ಅಣ್ಣಾರ, ಸಾಕು. ಹೊಸ ಮಷಿನ್ ಆದ್ರ ತಾನ ನಿಂದರತೈತಿ. ಹಳೇದಕ್ಕ ಸಾಕು ಅನ್ನೂದು ಗೊತ್ತಾಗಂಗಿಲ್ಲ, ಬ್ಯಾಟರಿ ಸಾಯೂತನ ಹೀರತೈತಿ" ಎಂದ. ನನಗೂ ಗೊತ್ತಾಗಲಿಲ್ಲ. ತೂತು ಆಚೆ ಬದಿಗೆ ಬಿದ್ದ ಮೇಲೆಯೇ ಬಿಟ್ಟೆ.

ಬ್ಯಾಟರಿಯನ್ನು ಚಾರ್ಜಿಗೆ ಹಾಕಿ, ಇಬ್ಬರೂ ನೆಲದ ಮೇಲಿದ್ದ ಜೋಕಾಲಿಯ ಹಲಗೆಯ ಮೇಲೆ ಕೂತೆವು. ಅತ್ತೆ ಶೇಂಗಾ ಉಂಡಿ ಕೊಟ್ಟು ಹೋದರು. ಮಾವ ಒಳಗೆ ಒರಗಲು ಹೋದರು. ವೀರೇಶ ಹಸಿರು ಮಷಿನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿಡಿಕೆಯನ್ನು ಬೆರಳಿನಿಂದ ಸವರುತ್ತಿದ್ದ. ಅವನ ದೊಡ್ಡ ದನಿ ಅವತ್ತು ಸಣ್ಣಗಿತ್ತು.

"ಅಣ್ಣಾರ, ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ನಾ ಕನ್ಯಾ ನೋಡಾಕ ಬಂದಾಗ ನೀವು ಪಡಸಾಲಿಯಾಗ ಕುರ್ಚಿ ಹತ್ತಿ ಈ ಮಷಿನ್ ಹಿಡಕೊಂಡು ಗ್ವಾಡಿಗೆ ತೂತು ಹಾಕಾಕತ್ತಿದ್ರಿ. ಮಾವಾರು ಎರಡೂ ಕೈಲೆ ಕುರ್ಚಿ ಹಿಡಕೊಂಡಿದ್ರು. ಕನ್ಯಾ ನೋಡೂದು ಬಿಟ್ಟು ಇದನ್ನ ನೋಡಿದೆ. ಮೊದಲನೇ ದೀಪಾವಳಿಗೆ ನನಗೂ ಇಂಥದ್ದ ಕೊಡ್ತಾರ ಅಂದ್ಕೊಂಡಿದ್ದೆ. ಉಂಗುರ ಕೊಟ್ರು."

ಉಂಗುರ ಛಲೋದಲ್ಲವೇ ಎಂದು ಕೇಳಿದೆ.

"ಉಂಗುರ ಎಲ್ಲಾ ಅಳಿಯಾರಿಗೂ ಕೊಡ್ತಾರ ಬಿಡ್ರಿ. ಮಷಿನ್ ಮನಸಿಗೆ ಬಂದವ್ರಿಗೆ ಕೊಡ್ತಾರ. ಹಳೆ ಬಜಾರದಾಗ ಹಸರು ಹುಡುಕಿದೆ, ಸಿಗಲಿಲ್ಲ. ನೀಲಿ ಸಿಕ್ತು."

ನಾನು ಉಂಡಿ ಅಗಿಯುವುದನ್ನು ನಿಲ್ಲಿಸಿದೆ. ಮಾವ ಎರಡೂ ಕೈಯಿಂದ ಕುರ್ಚಿ ಹಿಡಿದು ನಿಂತ ಆ ದೃಶ್ಯ ನನಗೆ ಒಂದಿಷ್ಟೂ ನೆನಪಿಲ್ಲ. ನನ್ನ ಬದುಕಿನ ಅಷ್ಟು ಒಳ್ಳೆಯ ಒಂದು ಗಳಿಗೆ ನನ್ನ ಹತ್ತಿರ ಉಳಿದಿರಲಿಲ್ಲ. ಇವನು ಹೊಟ್ಟೆಕಿಚ್ಚಿನಲ್ಲಿ ಉಪ್ಪುಹಾಕಿ ಕೆಡದಂತೆ ಇಟ್ಟುಕೊಂಡಿದ್ದ. ಗಡಿಯಾರ, ಬಚ್ಚಲ ಹಲಗೆ, ಜಗುಲಿಯ ಗಂಟೆ, ಎಲ್ಲವನ್ನೂ ಅವನು ಹಾಕಿದ್ದು ಆ ಕುರ್ಚಿಗಾಗಿ. ಇಷ್ಟು ವರ್ಷ ಸುಡುತ್ತಿದ್ದವನು ನಾನೊಬ್ಬನೇ ಅಲ್ಲ ಎಂದು ತಿಳಿದಾಗ ಮನುಷ್ಯನಿಗೆ ಎಂಥ ತಂಪು ಆಗುತ್ತದೆ ಎಂಬುದನ್ನು ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆ ತಂಪಿನಲ್ಲಿ ನಾನು ದೊಡ್ಡವನಾಗಿಬಿಟ್ಟೆ. ಎರಡನೆಯ ತೂತು ನೀನೇ ಹಾಕು, ಇದೇ ಮಷಿನ್ನಿನಿಂದ ಹಾಕು ಎಂದೆ.

ಬ್ಯಾಟರಿ ತುಂಬಿದ ಮೇಲೆ ವೀರೇಶ ಏಣಿ ಹತ್ತಿದ. ನಾನು ಎರಡೂ ಕೈಯಿಂದ ಏಣಿ ಹಿಡಿದೆ. ಅವನು ಮಷಿನ್ನನ್ನು ಎಳೆಗೂಸನ್ನು ಹಿಡಿದಂತೆ ಹಿಡಿದಿದ್ದ. ಹೊರಗೆ ಬಂದ ಮಾವ ತಲೆಯೆತ್ತಿ ನೋಡಿದರು. ಜೋಕಾಲಿ ನೋಡಲು ಬಂದಿದ್ದ ಪಕ್ಕದ ಮನೆಯ ಶರಣಮ್ಮನಿಗೆ, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು:

"ಆ ಹಸರು ಮಷಿನ್ ನೋಡವಾ ಶರಣಮ್ಮ. ವೀರೇಶನ ಮೊದಲನೇ ದೀಪಾವಳಿಗೆ ನಾನ ಕೊಟ್ಟಿದ್ದು. ಹೆಂಗ ಜ್ವಾಪಾನ ಮಾಡ್ಯಾನ ನೋಡು."

ಡ್ರಿಲ್ ನಿಂತಿತು. ವೀರೇಶ ಮೇಲಿನಿಂದ ನನ್ನನ್ನು ನೋಡಿದ. ನಾನು ಕೆಳಗಿನಿಂದ ಅವನನ್ನು ನೋಡಿದೆ. ಅವನು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ನಾನು ಆಡಿದ್ದರೂ ಆಗುತ್ತಿತ್ತು. ಅವನ ಮುಖ, ನಲವತ್ತರ ಹತ್ತಿರದ ಆ ದೊಡ್ಡ ಮುಖ, ಕೋಟೆಯ ಗೋಡೆಗೆ ಬೆಳಕು ಬಿಡುತ್ತಿದ್ದ ಇಕ್ಬಾಲನ ಮುಖದಂತೆ ಆಗಿತ್ತು. ಮಾವನಿಗೆ ವಯಸ್ಸಾಗಿದೆ, ಎರಡು ದೀಪಾವಳಿಗಳು ಕೂಡಿಕೊಂಡಿವೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ, ನನ್ನ ಕಡೆ ಇರುವ ಸಾಕ್ಷಿಯಾದರೂ ಏನು? ಹೋಳಿಗೆ, ಹೊಟ್ಟೆ ಭಾರ. ಏಣಿ ಬಿಡಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಡ್ರಿಲ್ ಮತ್ತೆ ತಿರುಗಿತು.

ಕೊಂಡಿಗಳು ಕೂತವು, ಹಗ್ಗ ಬಿತ್ತು. ಅಕ್ಕತಂಗಿಯರು ಹಲಗೆಯ ಎರಡು ತುದಿಗೆ ನಿಂತು ಜೀಕತೊಡಗಿದರು. ಗಿರಿಜೆಯ ಸೀರೆಯ ಸೆರಗು ತೊಲೆಯ ತನಕ ಹೋಗಿ ಬಂತು. ಎರಡು ತೂತುಗಳಲ್ಲಿ ಯಾವುದು ಯಾರದು ಎಂದು ಯಾರೂ ಕೇಳಲಿಲ್ಲ.

ಹೊರಡುವಾಗ ಮಾವ ಮಷಿನ್ನನ್ನು ಒಳಗಿಟ್ಟುಕೊಂಡರು. "ಇಲ್ಲೇ ಇರಲಿ. ವೀರೇಶ ಬಂದಾಗ ಬೇಕಾಗತೈತಿ." ಬ್ಯಾಟರಿಯನ್ನು ಹಾಗೇ ಕೂಡಿಸಿ ಇಡಬಾರದು, ಒಳಗೊಳಗೇ ಇಳಿದುಹೋಗುತ್ತದೆ ಎಂದು ವೀರೇಶನೇ ಹೇಳಿದ್ದ. ನಾನು ಶ್ರದ್ಧೆಯಿಂದ ಎಲ್ಲ ಬಿಡಿಸಿದೆ. ಬ್ಯಾಟರಿ ವೀರೇಶನಿಗೆ ಕೊಟ್ಟೆ. ಮಷಿನ್ ಮಾವನಿಗೆ ಕೊಟ್ಟೆ.

ಬಸ್ಸಿನಲ್ಲಿ ಗಿರಿಜೆ, "ಈಗರ ಸಮಾಧಾನ ಆತೇನ್ರೀ?" ಎಂದಳು. ಆಯಿತೆಂದೆ. ಸ್ವಲ್ಪ ದೂರ ಬಂದ ಮೇಲೆ ಒಂದು ವಿಷಯ ಹೊಳೆಯಿತು. ಮಾವನ ನೆನಪಿನಲ್ಲಿ ಮಷಿನ್ ವೀರೇಶನದಾದರೆ, ಉಂಗುರ ನನ್ನದಾಗಿರಬೇಕು.

"ಆ ಉಂಗುರಕ್ಕ ಹರಳಿತ್ತೇನು?" ಎಂದು ಕೇಳಿದೆ.

ಗಿರಿಜೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ರಸ್ತೆ ಕೆಟ್ಟಿದೆಯಲ್ಲ, ಅದಕ್ಕೇ ಇರಬೇಕು.

ಮೊನ್ನೆ ವೀರೇಶ ಫೋನ್ ಮಾಡಿದ್ದ. ಮಾವನ ಮನೆಯಲ್ಲಿ ಪರದೆಯ ಸರಳು ಹಾಕಬೇಕಂತೆ. ನೀಲಿ ಡ್ರಿಲ್ ತರುತ್ತೇನೆಂದರೆ ಮಾವ ಬೇಡವೆಂದರಂತೆ, ತಾವು ಕೊಟ್ಟ ಹಸಿರು ಮಷಿನ್ನಿನಿಂದಲೇ ಹಾಕು ಎಂದರಂತೆ. ಅದರ ಅಡಾಪ್ಟರ್ ಕಾಣುತ್ತಿಲ್ಲ, "ನಿಮ್ಮ ಚೀಲದಾಗ ಬಂದೈತೇನು ನೋಡ್ರಿ ಅಣ್ಣಾರ" ಎಂದ. ಹುಡುಕುತ್ತೇನೆ ಎಂದೆ.

ಮೇಜಿನ ಮೇಲೆ ಉತ್ತರಪತ್ರಿಕೆಗಳು ಅಲುಗಾಡದೆ ಕೂತಿವೆ. ದೀಪಾವಳಿ ದೂರವೇನಿಲ್ಲ, ಬಂದೇ ಬಂತು. ಮಾವ ನನ್ನನ್ನು ಕರೆಯಲಿ, ಇದನ್ನು ಒಯ್ಯುತ್ತೇನೆ.